ಮಾತ್ರೆಗೆ ಕಣ್ಣಿಲ್ಲ

ಪ್ರಶ್ನೆ: ನನ್ನ ತಂದೆಗೆ 66 ವರ್ಷ. ಕಳೆದ ತಿಂಗಳು ನ್ಯುಮೋನಿಯಾ ಆಗಿತ್ತು. ‘625’ ಎಂದು ಬರೆದ ಆ್ಯಂಟಿಬಯಾಟಿಕ್ ಮಾತ್ರೆಯನ್ನು ಏಳು ದಿನ ಕೊಟ್ಟರು. ಹೊಟ್ಟೆ ಸ್ವಲ್ಪ ಕೆಟ್ಟಿದ್ದು ಬಿಟ್ಟರೆ ಬೇರೆ ತೊಂದರೆಯಾಗಲಿಲ್ಲ, ಗುಣವಾದರು. ಆದರೆ ಹದಿನೈದು ವರ್ಷದ ಹಿಂದೆ ನನ್ನ ಚಿಕ್ಕಪ್ಪನಿಗೆ ಎರಡನೇ ಸಲ ಟಿ.ಬಿ. ಬಂದಾಗ ಎರಡು ತಿಂಗಳು ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಕೊಟ್ಟಿದ್ದರು. ಟಿ.ಬಿ. ವಾಸಿಯಾಯಿತು, ಕಿವಿ ಮಂದವಾಯಿತು. ರೋಗಾಣುವೂ ಜೀವಕೋಶ, ನಾವೂ ಜೀವಕೋಶಗಳಿಂದಲೇ ಆದವರು. ಒಂದನ್ನು ಕೊಲ್ಲುವ ಔಷಧಿ ಇನ್ನೊಂದನ್ನು ಹೇಗೆ ಬಿಡುತ್ತದೆ? ಬಿಡುವುದು ನಿಜವಾದರೆ ಚಿಕ್ಕಪ್ಪನ ಕಿವಿಯನ್ನು ಯಾಕೆ ಬಿಡಲಿಲ್ಲ?
— ಶಿರಸಿಯ ಓದುಗರೊಬ್ಬರು

ಉತ್ತರ: ವೈದ್ಯಕೀಯ ವಿದ್ಯಾರ್ಥಿಗಳಿಗೆ ಸೂಕ್ಷ್ಮಾಣುಜೀವಿಶಾಸ್ತ್ರ ಪಾಠ ಮಾಡುವವನು ನಾನು. ನಿಮ್ಮ ಮೊದಲ ಪ್ರಶ್ನೆಯನ್ನು ಪ್ರತಿ ವರ್ಷ ತರಗತಿಯಲ್ಲಿ ಯಾರಾದರೊಬ್ಬರು ಕೇಳುತ್ತಾರೆ. ಎರಡನೆಯದನ್ನು ಕೇಳುವವರು ಅಪರೂಪ. ಅದಕ್ಕೆ ಮನೆಯಲ್ಲೊಬ್ಬ ಚಿಕ್ಕಪ್ಪ ಇರಬೇಕಾಗುತ್ತದೆ. ಎರಡಕ್ಕೂ ಉತ್ತರ ಒಂದೇ ಕಡೆ ಇದೆ, ಆದರೆ ಸ್ವಲ್ಪ ಸುತ್ತಿಕೊಂಡು ಹೋಗಬೇಕು.

ಮೊದಲು ಒಂದು ತಪ್ಪು ಕಲ್ಪನೆಯನ್ನು ಬಿಡೋಣ. ಔಷಧಿ ರೋಗಾಣುವನ್ನು ಹುಡುಕಿಕೊಂಡು ಹೋಗುವುದಿಲ್ಲ. ನಿಮ್ಮ ತಂದೆ ನುಂಗಿದ ಮಾತ್ರೆ ಕರಗಿ ರಕ್ತಕ್ಕೆ ಸೇರಿತು. ರಕ್ತ ಎಲ್ಲಿಗೆ ಹೋಗುತ್ತದೋ ಅಲ್ಲಿಗೆಲ್ಲ ಅದೂ ಹೋಯಿತು. ಕಫ ಕಟ್ಟಿದ್ದ ಶ್ವಾಸಕೋಶಕ್ಕೆ ಹೋದಷ್ಟೇ ನಿಷ್ಠೆಯಿಂದ ಕಾಲ ಹೆಬ್ಬೆರಳಿಗೂ ಹೋಯಿತು. ಅಲ್ಲಿನ ಜೀವಕೋಶಗಳೂ ಆ ಔಷಧಿಯಲ್ಲಿ ನೆನೆದವು. ನೆನೆದೂ ಏನೂ ಆಗಲಿಲ್ಲ ಎನ್ನುವುದೇ ಇಲ್ಲಿನ ಸೋಜಿಗ.

ನಿಮ್ಮ ಕಡೆಯ ಗದ್ದೆಗಳಲ್ಲಿ ಇದನ್ನೇ ನೋಡಿರುತ್ತೀರಿ. 2,4-ಡಿ ಎಂಬ ಕಳೆನಾಶಕವನ್ನು ಭತ್ತದ ಮೇಲೂ ಬೀಳುವಂತೆಯೇ ಸಿಂಪಡಿಸುತ್ತಾರೆ. ಅಗಲ ಎಲೆಯ ಕಳೆಗಳು ಮುರುಟಿಕೊಂಡು ಸಾಯುತ್ತವೆ, ಹುಲ್ಲಿನ ಜಾತಿಯ ಭತ್ತ ಉಳಿಯುತ್ತದೆ. ಕಳೆನಾಶಕಕ್ಕೆ ಯಾವುದು ಬೆಳೆ, ಯಾವುದು ಕಳೆ ಎಂದು ತಿಳಿಯದು. ವ್ಯತ್ಯಾಸ ಇರುವುದು ಗಿಡಗಳಲ್ಲಿ. ಅದೇ ಗದ್ದೆಯಲ್ಲಿ ಹುಲ್ಲಿನ ಜಾತಿಯದೇ ಕಳೆ ಬಂದರೆ ರೈತನ ಕೆಲಸ ಕಷ್ಟವಾಗುತ್ತದೆ. ಭತ್ತಕ್ಕೆ ಹತ್ತಿರದ ನೆಂಟನನ್ನು ಕೊಲ್ಲುವ ವಿಷ ಭತ್ತವನ್ನೂ ಮುಟ್ಟಬಹುದು. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಚಿಕ್ಕಪ್ಪನ ಕಿವಿಯ ಹತ್ತಿರ ಬೇಕಾಗುತ್ತದೆ.

ಈ ವಿಚಾರವನ್ನು ವೈದ್ಯಕ್ಕೆ ತಂದವನು ಜರ್ಮನಿಯ ಪಾಲ್ ಎರ್ಲಿಕ್. ಅವನಿಗೆ ಬಣ್ಣಗಳ ಹುಚ್ಚು. ಬಟ್ಟೆಗೆ ಹಾಕುವ ಬಣ್ಣಗಳನ್ನು ಜೀವಕೋಶಗಳ ಮೇಲೆ ಸುರಿದು ನೋಡುತ್ತಿದ್ದ. ಕೆಲವು ಬಣ್ಣಗಳು ಕೆಲವು ಕೋಶಗಳನ್ನು ಮಾತ್ರ ಹಿಡಿಯುತ್ತಿದ್ದವು. ಬಣ್ಣ ಹೀಗೆ ಆರಿಸಿಕೊಂಡು ಅಂಟುವುದಾದರೆ ವಿಷವೂ ಯಾಕೆ ಅಂಟಬಾರದು ಎಂದು ಕೇಳಿದ. 1910ರಲ್ಲಿ ಅವನ ಪ್ರಯೋಗಾಲಯದಿಂದ ಸಾಲ್ವರ್ಸಾನ್ ಹೊರಬಂತು. ಮೂಲತಃ ಪಾಷಾಣದ ಸಂಯುಕ್ತ, ಸಿಫಿಲಿಸ್ ರೋಗಕ್ಕೆ. ಕೆಲಸ ಮಾಡಿತು, ರೋಗಿಗಳನ್ನೂ ಸಾಕಷ್ಟು ಗೋಳಾಡಿಸಿತು. ಎರ್ಲಿಕ್‌ನ ಯೋಚನೆ ಸರಿಯಾಗಿತ್ತು. ಅವನ ಕೈಗೆ ಸಿಕ್ಕ ವ್ಯತ್ಯಾಸ ಮಾತ್ರ ಸಣ್ಣದಾಗಿತ್ತು.

ದೊಡ್ಡ ವ್ಯತ್ಯಾಸ ಸಿಕ್ಕಿದ್ದು ಪೆನಿಸಿಲಿನ್‌ನಲ್ಲಿ. ನಿಮ್ಮ ತಂದೆಯ ಮಾತ್ರೆಯೂ ಅದೇ ವಂಶದ್ದಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ನಮ್ಮ ಜೀವಕೋಶಕ್ಕೆ ಇರುವುದು ತೆಳುವಾದ, ಎಣ್ಣೆಪಸೆಯ ಪೊರೆ ಮಾತ್ರ. ಬ್ಯಾಕ್ಟೀರಿಯಾಕ್ಕೆ ಪೊರೆಯ ಹೊರಗೆ ಒಂದು ಗೋಡೆಯೂ ಇದೆ. ಗೋಡೆ ಎನ್ನುವುದಕ್ಕಿಂತ ಹೆಣೆದ ಬಲೆಯ ಚೀಲ ಎನ್ನಿ. ಸಕ್ಕರೆಯ ಎಳೆಗಳು, ಆ ಎಳೆಗಳನ್ನು ಅಡ್ಡಡ್ಡ ಬಿಗಿಯುವ ಚಿಕ್ಕ ಚಿಕ್ಕ ಕೊಂಡಿಗಳು. ಈ ಚೀಲ ಏಕೆ ಬೇಕೆಂದರೆ, ಬ್ಯಾಕ್ಟೀರಿಯಾದ ಒಳಗೆ ಲವಣ, ಸಕ್ಕರೆ, ಪ್ರೋಟೀನುಗಳೆಲ್ಲ ಒತ್ತೊತ್ತಾಗಿ ತುಂಬಿರುತ್ತವೆ. ಹೊರಗಿನ ನೀರು ಸದಾ ಒಳನುಗ್ಗಲು ನೋಡುತ್ತದೆ. ಸ್ಟ್ಯಾಫಿಲೊಕಾಕಸ್‌ನಂಥ ಬ್ಯಾಕ್ಟೀರಿಯಾದ ಒಳಗಿನ ಒತ್ತಡ ಕಾರಿನ ಚಕ್ರದ ಒತ್ತಡಕ್ಕಿಂತ ಹಲವು ಪಟ್ಟು ಹೆಚ್ಚು. ಚೀಲ ಎಲ್ಲಾದರೂ ಸಡಿಲವಾದರೆ ಕಥೆ ಮುಗಿಯಿತು.

ಕೊಂಡಿ ಹಾಕುವ ಜಾಗದಲ್ಲಿ ಅಲನಿನ್ ಎಂಬ ಅಮೈನೋ ಆಮ್ಲದ ಜೋಡಿ ಇರುತ್ತದೆ. ಸಾಮಾನ್ಯ ಅಲನಿನ್ ಅಲ್ಲ, ಅದರ ಕನ್ನಡಿಬಿಂಬ. ಎಡಗೈ ಬಲಗೈಗಳು ಒಂದರಂತೆ ಇನ್ನೊಂದಿದ್ದರೂ ಒಂದರ ಕೈಗವಸು ಇನ್ನೊಂದಕ್ಕೆ ಆಗುವುದಿಲ್ಲವಲ್ಲ, ಹಾಗೆ. ನಮ್ಮ ಪ್ರೋಟೀನುಗಳನ್ನು ಎಡಗೈ ಅಮೈನೋ ಆಮ್ಲಗಳಿಂದಲೇ ಕಟ್ಟಲಾಗುತ್ತದೆ. ಬ್ಯಾಕ್ಟೀರಿಯಾ ತನ್ನ ಗೋಡೆಗೆ ಬಲಗೈ ಅಲನಿನ್ ಬಳಸುತ್ತದೆ. ಪೆನಿಸಿಲಿನ್‌ನ ಆಕಾರ ಆ ಬಲಗೈ ಜೋಡಿಯನ್ನು ಹೋಲುತ್ತದೆ. ಕೊಂಡಿ ಹಾಕುವ ಕಿಣ್ವ ಮೋಸಹೋಗಿ ಅದನ್ನು ಹಿಡಿಯುತ್ತದೆ, ಹಿಡಿದ ಮೇಲೆ ಬಿಡಲಾರದು. ತಪ್ಪು ಬೀಗದಕೈ ಒಳಗೇ ಮುರಿದು ಉಳಿದರೆ ಬೀಗ ಏನಾಗುತ್ತದೆಯೋ ಆ ಕಿಣ್ವವೂ ಅದೇ ಆಗುತ್ತದೆ.

ಇದನ್ನು ಸೂಕ್ಷ್ಮದರ್ಶಕದ ಕೆಳಗೆ ವಿದ್ಯಾರ್ಥಿಗಳಿಗೆ ತೋರಿಸುವುದು ನನಗೆ ಇಂದಿಗೂ ಇಷ್ಟದ ಕೆಲಸ. ಕರುಳಿನಲ್ಲಿ ವಾಸಿಸುವ ಕಡ್ಡಿಯಾಕಾರದ ಇ. ಕೋಲೈ ಬ್ಯಾಕ್ಟೀರಿಯಾಗಳಿಗೆ ಪೆನಿಸಿಲಿನ್ ಜಾತಿಯ ಔಷಧಿಯ ಒಂದು ಹನಿ ಹಾಕುತ್ತೇವೆ. ಮೊದಲು ಏನೂ ಆದಂತೆ ಕಾಣುವುದಿಲ್ಲ. ಅವು ಬೆಳೆಯುತ್ತಲೇ ಇರುತ್ತವೆ, ಆದರೆ ಎರಡಾಗಿ ಒಡೆಯಲಾರದೆ ಶಾವಿಗೆಯಂತೆ ಉದ್ದವಾಗುತ್ತವೆ. ಆಮೇಲೆ ನಡುವೆ ಎಲ್ಲೋ ಒಂದು ಕಡೆ ಗುಳ್ಳೆಯಂತೆ ಉಬ್ಬುತ್ತದೆ. ಹುಡುಗರು ಉಸಿರು ಬಿಗಿಹಿಡಿದು ನೋಡುತ್ತಿರುವಾಗ ಆ ಉಬ್ಬು ತಟ್ಟನೆ ಮಾಯವಾಗುತ್ತದೆ. ಇದ್ದ ಜಾಗದಲ್ಲಿ ಮಸುಕು ನೆರಳು ಮಾತ್ರ. ಪೆನಿಸಿಲಿನ್ ಅದನ್ನು ಇರಿಯಲಿಲ್ಲ, ಸುಡಲಿಲ್ಲ. ಬೆಳೆಯುತ್ತಾ ಇದ್ದ ಗೋಡೆಗೆ ಹೊಲಿಗೆ ಬೀಳದಂತೆ ಮಾಡಿತು, ಅಷ್ಟೇ. ಉಳಿದದ್ದನ್ನು ಅದರದೇ ಒತ್ತಡ ಮುಗಿಸಿತು. ಬೆಳೆಯದೆ ಸುಮ್ಮನೆ ಕುಳಿತ ಬ್ಯಾಕ್ಟೀರಿಯಾವನ್ನು ಪೆನಿಸಿಲಿನ್ ಅಷ್ಟಾಗಿ ಏನೂ ಮಾಡಲಾಗದಿರುವುದೂ ಇದೇ ಕಾರಣಕ್ಕೆ.

ನಮಗೆ ಗೋಡೆಯೇ ಇಲ್ಲ, ಹಾಗಾಗಿ ಕೆಡುವುದಕ್ಕೂ ಏನೂ ಇಲ್ಲ. ಇದು ಎಷ್ಟು ಸುರಕ್ಷಿತ ಎಂದರೆ, ಕೆಲವು ಗಂಭೀರ ಸೋಂಕುಗಳಲ್ಲಿ ದಿನಕ್ಕೆ 2.4 ಕೋಟಿ ಯೂನಿಟ್ ಪೆನಿಸಿಲಿನ್ ಅನ್ನು ರಕ್ತನಾಳಕ್ಕೆ ಹಾಯಿಸುತ್ತಾರೆ. ಜಗತ್ತಿನ ಪ್ರಯೋಗಾಲಯಗಳಲ್ಲಿ ಮನುಷ್ಯನ ಜೀವಕೋಶಗಳನ್ನು ಬಾಟಲಿಯಲ್ಲಿ ಬೆಳೆಸುವವರು ಆ ದ್ರವಕ್ಕೆ ವಾಡಿಕೆಯಾಗಿ ಪೆನಿಸಿಲಿನ್ ಮತ್ತು ಸ್ಟ್ರೆಪ್ಟೊಮೈಸಿನ್ ಬೆರೆಸಿಯೇ ಇಡುತ್ತಾರೆ, ಬ್ಯಾಕ್ಟೀರಿಯಾ ಸೇರಿ ಕೆಡಿಸದಿರಲೆಂದು. ಕೋಶಗಳು ಅದರಲ್ಲಿ ಮುಳುಗಿ ವಾರಗಟ್ಟಲೆ ನೆಮ್ಮದಿಯಾಗಿರುತ್ತವೆ. ಹೌದು, ಅದೇ ಸ್ಟ್ರೆಪ್ಟೊಮೈಸಿನ್, ನಿಮ್ಮ ಚಿಕ್ಕಪ್ಪನದು. ಬರುತ್ತೇನೆ ಅಲ್ಲಿಗೆ.

ಪೆನಿಸಿಲಿನ್ ಅಲರ್ಜಿಯಿಂದ ಸತ್ತವರಿಲ್ಲವೇ ಎಂದರೆ, ಇದ್ದಾರೆ. ಆದರೆ ಅಲ್ಲಿ ಕೊಲ್ಲುವುದು ಔಷಧಿಯ ವಿಷವಲ್ಲ. ಅದು ನಮ್ಮ ಪ್ರೋಟೀನುಗಳಿಗೆ ಅಂಟಿಕೊಂಡಾಗ ದೇಹದ ಕಾವಲು ವ್ಯವಸ್ಥೆ ಅದನ್ನು ಶತ್ರುವೆಂದು ತಿಳಿದು ಊರಿಗೇ ಬೆಂಕಿ ಹಚ್ಚುತ್ತದೆ. ಅದು ಬೇರೆಯೇ ಅಧ್ಯಾಯ.

ಈಗ 625. ಈ ಸಂಖ್ಯೆ ಎರಡು ಔಷಧಿಗಳ ಮೊತ್ತ: 500 ಮಿಲಿಗ್ರಾಂ ಅಮಾಕ್ಸಿಸಿಲಿನ್, 125 ಮಿಲಿಗ್ರಾಂ ಕ್ಲಾವುಲಾನಿಕ್ ಆಮ್ಲ. ಎರಡನೆಯದಕ್ಕೆ ಸ್ವತಃ ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಪೆನಿಸಿಲಿನ್ ಜಾತಿಯ ಔಷಧಿಗಳನ್ನು ಕತ್ತರಿಸಿ ಹಾಕುವ ಕಿಣ್ವವನ್ನು ಅನೇಕ ಬ್ಯಾಕ್ಟೀರಿಯಾಗಳು ತಯಾರಿಸುತ್ತವೆ. ಕ್ಲಾವುಲಾನಿಕ್ ಆಮ್ಲ ತಾನು ಮುಂದೆ ಹೋಗಿ ಆ ಕತ್ತರಿಗೆ ಸಿಕ್ಕಿಕೊಂಡು ಅದನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಹಿಂದೆಯೇ ಬರುವ ಅಮಾಕ್ಸಿಸಿಲಿನ್ ಬಚಾವಾಗುತ್ತದೆ. ನಿಮ್ಮ ತಂದೆಯ ಹೊಟ್ಟೆ ಕೆಡಿಸಿದ್ದರಲ್ಲಿ ಈ ಅಂಗರಕ್ಷಕನ ಪಾಲು ದೊಡ್ಡದಿರಬಹುದು. ಹಾಗಾಗಿಯೇ ‘625 ಸಿಗಲಿಲ್ಲ, ಎರಡು 375 ನುಂಗಿದೆ’ ಎನ್ನುವ ಲೆಕ್ಕ ಸರಿಯಲ್ಲ. 375ರಲ್ಲಿ ಅಮಾಕ್ಸಿಸಿಲಿನ್ 250, ಆದರೆ ಕ್ಲಾವುಲಾನಿಕ್ ಆಮ್ಲ ಅದೇ 125. ಎರಡು ನುಂಗಿದರೆ ಅಂಗರಕ್ಷಕರು ಇಬ್ಬರಾದರು, ಶೌಚಾಲಯದ ಓಡಾಟವೂ ಹೆಚ್ಚಾದೀತು.

ಹೊಟ್ಟೆ ಕೆಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಔಷಧಿ ನಮ್ಮ ಜೀವಕೋಶಗಳನ್ನು ಬಿಟ್ಟರೂ ನಮ್ಮ ಕರುಳಿನಲ್ಲಿ ಒಕ್ಕಲಿರುವ ಬ್ಯಾಕ್ಟೀರಿಯಾಗಳನ್ನು ಬಿಡುವುದಿಲ್ಲ. ಅವಕ್ಕೂ ಗೋಡೆ ಇದೆಯಲ್ಲ. ಈ ಬಗ್ಗೆ ಒಂದು ಕುತೂಹಲದ ಸಂಗತಿ ಇದೆ. 1940ರ ಮೇ 25ರಂದು ಆಕ್ಸ್‌ಫರ್ಡ್‌ನಲ್ಲಿ ಹೊವಾರ್ಡ್ ಫ್ಲೋರಿಯ ತಂಡ ಎಂಟು ಇಲಿಗಳಿಗೆ ಮಾರಕ ಸೋಂಕು ಚುಚ್ಚಿ, ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟಿತು. ಕೊಡದ ನಾಲ್ಕೂ ಸತ್ತವು. ಕೊಟ್ಟವು ಬದುಕಿದವು. ಅಂದು ಇಲಿಗಳ ಬದಲು ಗಿನಿಪಿಗ್‌ಗಳನ್ನು ಆರಿಸಿದ್ದರೆ ಪೆನಿಸಿಲಿನ್ ಒಂದು ಘೋರ ವಿಷ ಎಂಬ ತೀರ್ಮಾನಕ್ಕೆ ಬರುತ್ತಿದ್ದರೋ ಏನೋ. ಗಿನಿಪಿಗ್‌ಗಳಿಗೆ ಪೆನಿಸಿಲಿನ್ ಆಗಿಬರುವುದಿಲ್ಲ. ಅವುಗಳ ಕೋಶಗಳಿಗೂ ಗೋಡೆ ಇಲ್ಲ. ಆದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳು ಸತ್ತು ಕೆಟ್ಟವು ಮೇಲುಗೈ ಪಡೆದು ಪ್ರಾಣಿಯನ್ನೇ ಮುಗಿಸುತ್ತವೆ. ‘ಇರಲಿ, ಹೇಗೂ ತೊಂದರೆ ಮಾಡುವುದಿಲ್ಲ’ ಎಂದು ನೆಗಡಿಗೆಲ್ಲ ಆ್ಯಂಟಿಬಯಾಟಿಕ್ ನುಂಗುವವರಿಗೆ ನಾನು ಗಿನಿಪಿಗ್ ಕಥೆ ಹೇಳುತ್ತೇನೆ. ಮಾತ್ರೆಯ ಪಟ್ಟಿಯ ಮೇಲಿನ ಕೆಂಪು ಗೆರೆ ಚಂದಕ್ಕೆ ಹಾಕಿದ್ದಲ್ಲ. ವೈದ್ಯರ ಚೀಟಿ ಇಲ್ಲದೆ ತೆಗೆದುಕೊಳ್ಳಬೇಡಿ ಎಂದು ಅದರ ಅರ್ಥ.

ಗೋಡೆಯಷ್ಟು ದೊಡ್ಡ ವ್ಯತ್ಯಾಸ ಎಲ್ಲ ಔಷಧಿಗಳಿಗೂ ಸಿಗುವುದಿಲ್ಲ. ಸಲ್ಫಾ ಔಷಧಿಗಳು ಹಿಡಿದದ್ದು ಅಡುಗೆಮನೆಯ ವ್ಯತ್ಯಾಸವನ್ನು. ಫೋಲಿಕ್ ಆಮ್ಲವಿಲ್ಲದೆ ಡಿಎನ್ಎ ತಯಾರಾಗದು. ಬ್ಯಾಕ್ಟೀರಿಯಾಕ್ಕೂ ಬೇಕು, ನಮಗೂ ಬೇಕು. ಬಹುತೇಕ ಬ್ಯಾಕ್ಟೀರಿಯಾಗಳು ಅದನ್ನು ತಾವೇ ಬೇಯಿಸಿಕೊಳ್ಳುತ್ತವೆ, ಹೊರಗಿನಿಂದ ತರಿಸಿಕೊಳ್ಳಲಾರವು. ನಾವು ಪಾಲಕ್, ಕಾಳುಗಳಿಂದ ಸಿದ್ಧವಾದದ್ದನ್ನೇ ತಿನ್ನುತ್ತೇವೆ. ಸಲ್ಫಾ ಆ ಒಲೆಯನ್ನು ಆರಿಸುತ್ತದೆ. ನಮ್ಮಲ್ಲಿ ಆ ಒಲೆಯೇ ಇಲ್ಲ. ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ 1940ರ ದಶಕದಲ್ಲಿ ಮುನ್ನಡೆಸಿದ ತಂಡವೇ ಈ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿದ್ದು. ಟೆಟ್ರಾಸೈಕ್ಲಿನ್ ಕುಟುಂಬದ ಮೊದಲ ಔಷಧಿ ಬಂದದ್ದೂ ಅದೇ ಪ್ರಯೋಗಾಲಯದಿಂದ. ನಮ್ಮ ಪಠ್ಯಪುಸ್ತಕಗಳಲ್ಲಿ ಅವರ ಹೆಸರು ಇರಬೇಕಾದಷ್ಟು ಇಲ್ಲ ಎನ್ನುವುದು ನನ್ನ ಹಳೆಯ ದೂರು.

ಶಿಲೀಂಧ್ರಗಳಿಗೆ ಬಂದರೆ ವ್ಯತ್ಯಾಸ ಇನ್ನೂ ಕಿರಿದು. ಅಣಬೆ, ಬೂಷ್ಟುಗಳು ಬ್ಯಾಕ್ಟೀರಿಯಾಕ್ಕಿಂತ ನಮಗೇ ಹತ್ತಿರದ ನೆಂಟರು. ಭತ್ತದ ಗದ್ದೆಯ ಹುಲ್ಲು ಇದ್ದಂತೆ. ನಮ್ಮ ಪೊರೆಯಲ್ಲಿ ಕೊಲೆಸ್ಟರಾಲ್ ಇದ್ದರೆ ಅವುಗಳ ಪೊರೆಯಲ್ಲಿ ಅದರ ತಮ್ಮನಂಥ ಎರ್ಗೊಸ್ಟರಾಲ್ ಇದೆ. ಆಂಫೊಟೆರಿಸಿನ್ ಔಷಧಿ ತಮ್ಮನನ್ನು ಹಿಡಿಯಲು ಹೋಗಿ ಆಗಾಗ ಅಣ್ಣನನ್ನೂ ಹಿಡಿಯುತ್ತದೆ. 2021ರ ಬೇಸಿಗೆಯಲ್ಲಿ, ಕೋವಿಡ್ ಎರಡನೇ ಅಲೆಯ ಬೆನ್ನಿಗೆ ಕಪ್ಪು ಶಿಲೀಂಧ್ರ ಬಂದಾಗ ಈ ಔಷಧಿಗಾಗಿ ಜನ ಊರೂರು ಅಲೆದದ್ದು ನೆನಪಿರಬಹುದು. ಡ್ರಿಪ್ ಶುರುವಾದ ಸ್ವಲ್ಪ ಹೊತ್ತಿಗೆ ರೋಗಿ ಮೇ ತಿಂಗಳ ಸೆಕೆಯಲ್ಲೂ ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದರು. ಮೂತ್ರಪಿಂಡದ ಪರೀಕ್ಷೆ ಮತ್ತೆ ಮತ್ತೆ ಮಾಡಿಸಬೇಕಾಗುತ್ತಿತ್ತು. ಕೊಬ್ಬಿನ ಸಣ್ಣ ಗುಳಿಗೆಗಳೊಳಗೆ ತುಂಬಿದ ಲೈಪೊಸೋಮಲ್ ರೂಪಕ್ಕೇ ಎಲ್ಲರೂ ಹುಡುಕಾಡಿದ್ದು ಅದು ಮೂತ್ರಪಿಂಡಕ್ಕೆ ಕಡಿಮೆ ಹಾನಿ ಮಾಡುತ್ತದೆ ಎಂಬ ಕಾರಣಕ್ಕೆ.

ವೈರಸ್‌ಗೆ ಸ್ವಂತ ಮನೆಯೇ ಇಲ್ಲ, ನಮ್ಮ ಕೋಶದೊಳಗೆ ನಮ್ಮದೇ ಪಾತ್ರೆಗಳಲ್ಲಿ ಅಡುಗೆ ಮಾಡಿಕೊಳ್ಳುತ್ತದೆ. ಗುರಿ ಇಡಲು ಅದರದೇ ಎನ್ನುವ ವಸ್ತುಗಳು ತೀರಾ ಕಡಿಮೆ. ನಿಮ್ಮ ಸೀಮೆಯಲ್ಲಿ ಮಳೆಗಾಲದ ಇಲಿ ಜ್ವರಕ್ಕೆ ಅಗ್ಗದ ಡಾಕ್ಸಿಸೈಕ್ಲಿನ್ ಸಾಕಾಗುತ್ತದೆ, ಯಾಕೆಂದರೆ ಅದು ಬ್ಯಾಕ್ಟೀರಿಯಾ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ವೈರಸ್‌ನದು. ಅದಕ್ಕೆ ಯಾವ ಆ್ಯಂಟಿಬಯಾಟಿಕ್ಕೂ ನಾಟುವುದಿಲ್ಲ.

ಇನ್ನು ಚಿಕ್ಕಪ್ಪನ ಕಿವಿ.

ಪ್ರೋಟೀನು ತಯಾರಿಸುವ ಯಂತ್ರಕ್ಕೆ ರೈಬೋಸೋಮ್ ಎನ್ನುತ್ತಾರೆ. ಬ್ಯಾಕ್ಟೀರಿಯಾದಲ್ಲೂ ಇದೆ, ನಮ್ಮಲ್ಲೂ ಇದೆ, ಆದರೆ ಮಾದರಿ ಬೇರೆ: ಅವುಗಳದ್ದು ಚಿಕ್ಕದು, ನಮ್ಮದು ದೊಡ್ಡದು. ಸ್ಟ್ರೆಪ್ಟೊಮೈಸಿನ್ ಚಿಕ್ಕ ಮಾದರಿಯ ಯಂತ್ರದೊಳಗೆ ಕುಳಿತು ಅದು ಅಕ್ಷರ ತಪ್ಪಿ ಓದುವಂತೆ ಮಾಡುತ್ತದೆ. ತಪ್ಪು ತಪ್ಪಾದ ಪ್ರೋಟೀನುಗಳು ತಯಾರಾಗಿ ಬ್ಯಾಕ್ಟೀರಿಯಾ ಸಾಯುತ್ತದೆ. ನಮ್ಮ ದೊಡ್ಡ ಯಂತ್ರದಲ್ಲಿ ಅದಕ್ಕೆ ಕೂರಲು ಸರಿಯಾದ ಜಾಗವಿಲ್ಲ. ಇಲ್ಲಿಯವರೆಗೆ ಎಲ್ಲ ಸರಿ.

ತೊಡಕು ಎಲ್ಲಿದೆಯೆಂದರೆ, ನಮ್ಮ ಕೋಶಗಳೊಳಗೇ ಬ್ಯಾಕ್ಟೀರಿಯಾದ ವಂಶಜನೊಬ್ಬ ಕುಳಿತಿದ್ದಾನೆ. ನೂರಾರು ಕೋಟಿ ವರ್ಷಗಳ ಹಿಂದೆ ಒಂದು ಬ್ಯಾಕ್ಟೀರಿಯಾ ಇನ್ನೊಂದು ಜೀವಕೋಶದೊಳಗೆ ಸೇರಿ, ಅಲ್ಲೇ ಮನೆ ಅಳಿಯನಾಗಿ ನಿಂತುಬಿಟ್ಟಿತು. ಇಂದು ಅದನ್ನು ಮೈಟೊಕಾಂಡ್ರಿಯಾ ಎನ್ನುತ್ತೇವೆ. ಕೋಶಕ್ಕೆ ಬೇಕಾದ ಶಕ್ತಿಯ ಬಹುಪಾಲನ್ನು ಅದೇ ಒದಗಿಸುತ್ತದೆ. ಅಳಿಯ ಇಷ್ಟು ಕಾಲ ನಮ್ಮ ಮನೆಯಲ್ಲಿದ್ದರೂ ತವರಿನಿಂದ ತಂದ ಯಂತ್ರವನ್ನು ಬಿಟ್ಟಿಲ್ಲ. ಅವನ ರೈಬೋಸೋಮ್ ಬ್ಯಾಕ್ಟೀರಿಯಾದ ಮಾದರಿಗೆ ಹತ್ತಿರದ್ದು. ಕ್ಲೋರಂಫೆನಿಕಾಲ್, ಲಿನೆಜೋಲಿಡ್ ಔಷಧಿಗಳು ಮೂಳೆಯೊಳಗಿನ ರಕ್ತ ತಯಾರಿಕೆಯನ್ನು ಕುಗ್ಗಿಸುವುದರ ಹಿಂದೆ ಇರುವುದೂ ಇದೇ ಹೋಲಿಕೆ.

ಹಾಗಿದ್ದರೆ ಬಾಟಲಿಯಲ್ಲಿ ಬೆಳೆಯುವ ಕೋಶಗಳು ಸ್ಟ್ರೆಪ್ಟೊಮೈಸಿನ್‌ನಲ್ಲಿ ಹೇಗೆ ಬದುಕುತ್ತವೆ? ಈ ಔಷಧಿ ನೀರಿನಲ್ಲಿ ಕರಗುವಂಥದ್ದು, ಎಣ್ಣೆಪಸೆಯ ಪೊರೆಯನ್ನು ಸುಲಭವಾಗಿ ದಾಟಲಾರದು. ಹೆಚ್ಚಿನ ಕೋಶಗಳಲ್ಲಿ ಅದು ಬಾಗಿಲ ಹೊರಗೇ ಉಳಿಯುತ್ತದೆ. ಎರಡು ಕಡೆ ಮಾತ್ರ ಬಾಗಿಲು ತೆರೆದಿದೆ. ಒಂದು ಮೂತ್ರಪಿಂಡ, ಇನ್ನೊಂದು ಒಳಕಿವಿ. ಒಳಕಿವಿಯಲ್ಲಿ ಸುಮಾರು ಹದಿನೈದು ಸಾವಿರ ರೋಮಕೋಶಗಳಿವೆ. ಶಬ್ದ ಬಂದಾಗ ಅವುಗಳ ತುದಿಯ ರೋಮಗಳು ಬಾಗುತ್ತವೆ, ಬಾಗಿದಾಗ ಸಣ್ಣ ರಂಧ್ರಗಳು ತೆರೆಯುತ್ತವೆ. ಕೇಳುವುದೆಂದರೆ ಇದೇ. ಆ ರಂಧ್ರಗಳ ಮೂಲಕವೇ ಔಷಧಿಯೂ ಒಳಗೆ ಇಳಿಯುತ್ತದೆ, ಇಳಿದದ್ದು ಬೇಗ ಹೊರಗೆ ಹೋಗುವುದಿಲ್ಲ. ಮೂತ್ರಪಿಂಡದ ಕೋಶಗಳು ಸತ್ತರೆ ಹೊಸವು ಹುಟ್ಟುತ್ತವೆ. ರೋಮಕೋಶ ಸತ್ತರೆ ಸತ್ತಂತೆಯೇ.

ಮೊದಲು ಹೋಗುವುದು ಕೀರಲು ಸದ್ದುಗಳು: ಗುಬ್ಬಚ್ಚಿಯ ಚಿಲಿಪಿಲಿ, ಕುಕ್ಕರಿನ ಸೀಟಿ. ಮಾತು ಕೇಳುತ್ತಿರುತ್ತದೆ, ಹಾಗಾಗಿ ರೋಗಿಗೆ ಗೊತ್ತಾಗುವುದು ತಡ. ಸ್ಟ್ರೆಪ್ಟೊಮೈಸಿನ್ ಅನೇಕರಲ್ಲಿ ಕಿವಿಗಿಂತ ಮೊದಲು ಪಕ್ಕದಲ್ಲೇ ಇರುವ ಸಮತೋಲನದ ಅಂಗವನ್ನು ಕೆಡಿಸುತ್ತದೆ. ಕತ್ತಲಲ್ಲಿ ಅಂಗಳ ದಾಟುವಾಗ ತೂರಾಡಿದಂತಾಗುತ್ತಿತ್ತೇ ಎಂದು ಚಿಕ್ಕಪ್ಪನನ್ನು ಕೇಳಿ ನೋಡಿ. ಟಿ.ಬಿ. ಮರುಚಿಕಿತ್ಸೆಯಲ್ಲಿ ಮೊದಲ ಎರಡು ತಿಂಗಳು ಈ ಇಂಜೆಕ್ಷನ್ ಕೊಡುವುದು ಆಗಿನ ರಾಷ್ಟ್ರೀಯ ಕ್ರಮವೇ ಆಗಿತ್ತು; ಈಗ ಆ ಕ್ರಮವನ್ನು ಕೈಬಿಟ್ಟಿದ್ದಾರೆ. ಅವರಿಗೆ ಚಿಕಿತ್ಸೆ ಕೊಟ್ಟವರು ತಪ್ಪು ಮಾಡಿದರು ಎಂದು ನಾನು ಹೇಳಲಾರೆ. ಎರಡನೇ ಸಲ ಬಂದ ಟಿ.ಬಿ. ಜೀವ ತೆಗೆಯುವಂಥದ್ದು.

ಅದೇ ಪ್ರಮಾಣದ ಇಂಜೆಕ್ಷನ್ ತೆಗೆದುಕೊಂಡ ಎಲ್ಲರ ಕಿವಿಯೂ ಹೋಗುವುದಿಲ್ಲ. ವಯಸ್ಸು, ಮೂತ್ರಪಿಂಡದ ಸ್ಥಿತಿ, ಎಷ್ಟು ದಿನ ಕೊಟ್ಟರು ಎನ್ನುವುದೆಲ್ಲ ಲೆಕ್ಕಕ್ಕೆ ಬರುತ್ತವೆ. ಕೆಲವು ಕುಟುಂಬಗಳಲ್ಲಿ ಇನ್ನೊಂದು ಕಾರಣ ಇರುತ್ತದೆ. ಅವರ ಮೈಟೊಕಾಂಡ್ರಿಯಾದ ರೈಬೋಸೋಮಿನಲ್ಲಿ ಒಂದೇ ಒಂದು ಅಕ್ಷರ, 1555ನೆಯದು, ಬದಲಾಗಿರುತ್ತದೆ. ಆ ಒಂದು ಅಕ್ಷರದಿಂದ ಅವರ ಯಂತ್ರ ಬ್ಯಾಕ್ಟೀರಿಯಾದ ಯಂತ್ರವನ್ನು ಇನ್ನಷ್ಟು ಹೋಲುವಂತಾಗಿ, ಔಷಧಿಗೆ ಕೂರಲು ಜಾಗ ಸಿಗುತ್ತದೆ. ಅಂಥವರಿಗೆ ಕೆಲವೇ ಇಂಜೆಕ್ಷನ್‌ಗಳಲ್ಲಿ ಕಿವುಡು ಬಂದದ್ದಿದೆ. ಮೈಟೊಕಾಂಡ್ರಿಯಾ ಬರುವುದು ತಾಯಿಯಿಂದ ಮಾತ್ರ. ನಿಮ್ಮ ಚಿಕ್ಕಪ್ಪನಲ್ಲಿ ಈ ಬದಲಾವಣೆ ಇದ್ದರೆ ಅದು ನಿಮ್ಮ ಅಜ್ಜಿಯಿಂದ ಬಂದದ್ದು. ಅದೇ ಅಜ್ಜಿಯ ಮಗನಾದ ನಿಮ್ಮ ತಂದೆಯಲ್ಲೂ ಇದ್ದೀತು. ನಿಮಗೆ ಬಂದಿರುವುದು ನಿಮ್ಮ ತಾಯಿಯದು, ಹಾಗಾಗಿ ಈ ದಾರಿಯಿಂದ ನಿಮಗೆ ಭಯವಿಲ್ಲ. ಚಿಕ್ಕಪ್ಪನ ಮಕ್ಕಳಿಗೂ ಇಲ್ಲ.

ಚಿಕ್ಕಪ್ಪನಿಗೆ ಇದೇ ಆಗಿದೆ ಎಂದು ನಾನು ಇಲ್ಲಿ ಕುಳಿತು ಹೇಳಲಾಗದು. ರಕ್ತದ ತಳಿಪರೀಕ್ಷೆ ಮಾಡಿಸಬಹುದು. ಮಾಡಿಸದಿದ್ದರೂ ತಂದೆಯವರ ವೈದ್ಯಕೀಯ ಕಡತದ ಮೊದಲ ಪುಟದಲ್ಲಿ ‘ತಮ್ಮನಿಗೆ ಸ್ಟ್ರೆಪ್ಟೊಮೈಸಿನ್‌ನಿಂದ ಕಿವಿ ಮಂದವಾಗಿದೆ’ ಎಂದು ದೊಡ್ಡದಾಗಿ ಬರೆದಿಡಿ. ಜೆಂಟಾಮೈಸಿನ್, ಅಮಿಕಾಸಿನ್ ಕೂಡ ಅದೇ ಕುಟುಂಬದ ಇಂಜೆಕ್ಷನ್‌ಗಳು, ಆಸ್ಪತ್ರೆಗಳಲ್ಲಿ ದಿನವೂ ಬಳಕೆಯಾಗುತ್ತವೆ. ಬೇರೆ ದಾರಿಯಿಲ್ಲದಾಗ ಅವು ಜೀವ ಉಳಿಸುತ್ತವೆ, ಬೇಡವೇ ಬೇಡ ಎಂದು ಹಟ ಹಿಡಿಯಬೇಡಿ. ಬೇರೆ ದಾರಿ ಇದ್ದರೆ ವೈದ್ಯರು ಆ ದಾರಿ ಹಿಡಿಯಲು ಈ ಒಂದು ಸಾಲು ಸಾಕು.

ನಿಮಗೆ ಸೋದರತ್ತೆ ಇದ್ದಾರೋ ಇಲ್ಲವೋ ನೀವು ಬರೆದಿಲ್ಲ. ಇದ್ದರೆ ಅವರಿಗೂ ಅವರ ಮಕ್ಕಳಿಗೂ, ಮಗಳ ಮಕ್ಕಳಿಗೂ ಈ ಮಾತು ಅನ್ವಯಿಸುತ್ತದೆ. ಅವರಿಗೊಂದು ಫೋನ್ ಮಾಡಿ.